ನಲವತ್ತು ದಾಟಿದ ಮೇಲೆ ಹೊಸ ಶಟಲ್ ಬ್ಯಾಟ್ ತಗೋತೀರಾ? ಹದಿನೈದು ಸಾವಿರ ಎಣಿಸೋ ಮೊದಲು ಇದನ್ನೊಮ್ಮೆ ಓದಿ

ಚಿಕ್ಕಮಗಳೂರು: ಬೆಳಗಿನ ಜಾವ ಐದೂವರೆಗೆ ಜಿಲ್ಲೆಯ ಯಾವ ತಾಲೂಕು ಕೇಂದ್ರಕ್ಕೆ ಹೋದರೂ ಎರಡು ಕಡೆ ಲೈಟ್ ಉರೀತಾ ಇರುತ್ತೆ. ಒಂದು ಹಾಲಿನ ಡೈರಿ, ಇನ್ನೊಂದು ಶಟಲ್ ಕೋರ್ಟ್. ಮೊದಲೆಲ್ಲ ಶಾಲೆ ಮೈದಾನದ ಮೂಲೆಯಲ್ಲಿ ಸುಣ್ಣದ ಗೆರೆ ಎಳೆದು, ಎರಡು ಅಡಿಕೆ ದಬ್ಬೆಗೆ ನೆಟ್ ಕಟ್ಟಿ ಆಡುತ್ತಿದ್ದವರು ಈಗ ಶೀಟ್ ಹೊದಿಸಿದ ಶೆಡ್ಡಿನೊಳಗೆ ಹಸಿರು ಮ್ಯಾಟ್ ಮೇಲೆ ಆಡ್ತಿದ್ದಾರೆ. ಆಡುವವರು ಯಾರು ಅಂತ ನೋಡಿದರೆ ದಿನಸಿ ಅಂಗಡಿಯವರು, ಮೆಡಿಕಲ್ ಶಾಪ್‌ನವರು, ಮೇಷ್ಟ್ರುಗಳು, ಕಾಫಿ ತೋಟದವರು, ಬ್ಯಾಂಕಿನವರು. ಅಂಗಡಿ ಬಾಗಿಲು ತೆಗೆಯೋ ಮೊದಲು ಎರಡು ಗೇಮ್ ಆಡಲಿಲ್ಲ ಅಂದ್ರೆ ದಿನವೇ ಶುರುವಾಗೋದಿಲ್ಲ.

ಇವರಲ್ಲಿ ಹೆಚ್ಚಿನವರು ಹದಿನೈದು, ಇಪ್ಪತ್ತು ವರ್ಷದಿಂದ ಆಡುತ್ತಿರುವವರು. ಆಟ ಗೊತ್ತು. ಆದರೆ ಬ್ಯಾಟ್ ತಗೊಳ್ಳುವಾಗ ಮಾತ್ರ ಇವರಷ್ಟು ಎಡವುವವರು ಬೇರೆ ಇಲ್ಲ. ಹತ್ತು ವರ್ಷದ ಹುಡುಗನಿಗೆ ಕೋಚ್ ಇದ್ದಾರೆ, "ಇದು ತಗೋ, ಅದು ಬೇಡ" ಅಂತ ಹೇಳ್ತಾರೆ. ನಲವತ್ತೈದರ ಅಣ್ಣನಿಗೆ ಹೇಳುವವರು ಯಾರು? ಅವರು ಟಿವಿ ನೋಡ್ತಾರೆ, ಮೊಬೈಲಲ್ಲಿ ವಿಡಿಯೋ ನೋಡ್ತಾರೆ, ಪಕ್ಕದ ಕೋರ್ಟಿನ ಇಪ್ಪತ್ತೆರಡರ ಹುಡುಗ ಹೊಡೆಯೋ ಸ್ಮ್ಯಾಶ್ ನೋಡ್ತಾರೆ. ಆಮೇಲೆ ಅದೇ ಬ್ಯಾಟ್ ಆರ್ಡರ್ ಮಾಡ್ತಾರೆ.

ನಾನೂ ಹಾಗೇ ಮಾಡಿದವನು. ನಲವತ್ತೇಳನೇ ವರ್ಷಕ್ಕೆ, ಒಂದು ಸೀಸನ್ ಕಾಳುಮೆಣಸಿಗೆ ಒಳ್ಳೆ ರೇಟ್ ಸಿಕ್ಕ ಖುಷಿಯಲ್ಲಿ, ತಲೆ ಭಾರದ, ಬಗ್ಗದ ಕಡ್ಡಿಯ ದುಬಾರಿ ಬ್ಯಾಟ್ ತಗೊಂಡು 27 ಪೌಂಡ್ ಗಟ್ಟಿಂಗ್ ಹಾಕಿಸಿದೆ. ಎರಡು ತಿಂಗಳಿಗೆ ಮೊಣಕೈ ಹೊರಭಾಗದಲ್ಲಿ ನೋವು. ಮೂರನೇ ತಿಂಗಳಿಗೆ ಅಂಗಡಿ ಶಟರ್ ಎತ್ತೋಕೆ ಕೆಲಸದ ಹುಡುಗನ ದಾರಿ ಕಾಯಬೇಕಾಯ್ತು. ಕಾಫಿ ಲೋಟ ಎಡಗೈಲಿ. ಫಿಸಿಯೋಥೆರಪಿಯವರು ಕೇಳಿದ ಮೊದಲ ಪ್ರಶ್ನೆ, "ಇತ್ತೀಚೆಗೆ ಏನು ಬದಲಾಯಿಸಿದ್ರಿ?" ಅಂತ. ಆಟ ಬದಲಾಯಿಸಿರಲಿಲ್ಲ. ಬ್ಯಾಟ್ ಬದಲಾಗಿತ್ತು, ಗಟ್ಟಿಂಗ್ ಬದಲಾಗಿತ್ತು.

ಆ ನೋವಿಗೆ ಟೆನ್ನಿಸ್ ಎಲ್ಬೋ ಅಂತಾರೆ. ಟೆನ್ನಿಸ್ ಬ್ಯಾಟ್ ಮುಟ್ಟದವರಿಗೂ ಬರುತ್ತೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈ ಹೊರಗಿನ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಮತ್ತೆ ಮತ್ತೆ ಎಳೆತ ಬಿದ್ದು ಆಗುವ ತೊಂದರೆ. ಹೆಚ್ಚಾಗಿ ಕಾಣಿಸಿಕೊಳ್ಳೋದು ಮೂವತ್ತೈದರಿಂದ ಐವತ್ತರ ಆಸುಪಾಸಿನವರಲ್ಲಿ. ಅಂದರೆ ಬೆಳಗ್ಗೆ ಐದೂವರೆ ಬ್ಯಾಚಿನವರಲ್ಲಿ.

ಹಾಗಾಗಿ ಈ ಬರಹ. ಕಂಪನಿ ಯಾವುದು ಅನ್ನೋದಕ್ಕಿಂತ, ಇವತ್ತಿನ ನಿಮ್ಮ ತೋಳಿಗೆ ಯಾವುದು ಹೊಂದುತ್ತೆ ಅಂತ ನೋಡೋದು ಹೇಗೆ ಅನ್ನೋದಷ್ಟೇ ಇಲ್ಲಿನ ವಿಷಯ. ಪುಸ್ತಕದ ಭಾಷೆಯಲ್ಲಿ ರ‍್ಯಾಕೆಟ್ ಅಂತಾರೆ, ನಮ್ಮ ಕಡೆ ಎಲ್ಲರೂ ಬ್ಯಾಟ್ ಅನ್ನೋದರಿಂದ ನಾನೂ ಹಾಗೇ ಬರೀತೀನಿ.

ಕಡ್ಡಿ ಬುಡದಲ್ಲಿ ಬರೆದಿರೋದನ್ನ ಓದಿ

ಒಳ್ಳೆ ಬ್ಯಾಟಿನ ಹಿಡಿ ಶುರುವಾಗುವ ಜಾಗದಲ್ಲಿ, ಕೋನ್ ಹತ್ತಿರ, ಸಣ್ಣ ಅಕ್ಷರದಲ್ಲಿ 4ಯು ಜಿ5 ಅಂತಲೋ 3ಯು ಜಿ4 ಅಂತಲೋ ಇರುತ್ತೆ. ಹತ್ತು ವರ್ಷ ಆಡಿದವರಲ್ಲೂ ಇದನ್ನ ಓದಿದವರು ಕಡಿಮೆ. ಮೊದಲನೆಯದು ತೂಕ. 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ನಂಬರ್ ಜಾಸ್ತಿ ಆದಷ್ಟೂ ಬ್ಯಾಟ್ ಹಗುರ, ಇದು ಮೊದಮೊದಲು ತಿರುಗಾಮುರುಗಾ ಅನ್ನಿಸುತ್ತೆ. ಇದು ಗಟ್ ಹಾಕದ ಖಾಲಿ ಬ್ಯಾಟಿನ ತೂಕ. ಗಟ್ ಸೇರಿದರೆ ಐದು ಗ್ರಾಂ ಆಸುಪಾಸು ಹೆಚ್ಚುತ್ತೆ, ಮೇಲೆ ಸುತ್ತುವ ಗ್ರಿಪ್ ಇನ್ನೊಂದು ಐದು. ಕೆಲವು ಕಂಪನಿಯವರು ಬೇರೆ ಅಕ್ಷರ ಹಾಕ್ತಾರೆ, ಆಗ ಗ್ರಾಂ ಎಷ್ಟು ಅಂತ ನೇರವಾಗಿ ಕೇಳಿ.

ಐದು ಗ್ರಾಂ ಅಂದರೆ ಎಷ್ಟು ಮಹಾ ಅಂತೀರಾ? ಒಂದು ಶಟಲ್ ಕಾಕಿನ ತೂಕವೇ ಸುಮಾರು ಐದು ಗ್ರಾಂ. ನಿಯಮದ ಪ್ರಕಾರ ಅದು 4.74ರಿಂದ 5.50 ಗ್ರಾಂ ಒಳಗಿರಬೇಕು. ಒಂದು ಬೆಳಗ್ಗೆ ನೂರಾರು ಸಲ ಬ್ಯಾಟ್ ಬೀಸ್ತೀರಿ. ಅಷ್ಟೂ ಸಲ ಬ್ಯಾಟಿನ ತುದಿಗೆ ಇನ್ನೊಂದು ಕಾಕ್ ಅಂಟಿಸಿಕೊಂಡು ಬೀಸಿದ ಹಾಗೆ. ಡಬಲ್ಸ್ ಆಡೋ ನಲವತ್ತು ದಾಟಿದವರಿಗೆ 4ಯು ಸಾಕು, ಭುಜ ನೋವಿದ್ದವರು 5ಯು ನೋಡಬಹುದು ಅನ್ನೋದು ನನ್ನ ಅಭಿಪ್ರಾಯ. 3ಯು ಇಟ್ಟುಕೊಂಡೇ ಇಪ್ಪತ್ತು ವರ್ಷ ನೋವಿಲ್ಲದೆ ಆಡಿದ್ದೀರಾ? ಹಾಗಾದರೆ ನನ್ನ ಮಾತು ಕೇಳಬೇಡಿ, ಅದನ್ನೇ ಮುಂದುವರಿಸಿ.

ತೂಕ ಎಷ್ಟಿದೆ ಅನ್ನೋದರ ಜೊತೆ ಅದು ಎಲ್ಲಿದೆ ಅನ್ನೋದೂ ಮುಖ್ಯ. ಬ್ಯಾಟನ್ನು ತೋರುಬೆರಳ ಮೇಲೆ ಅಡ್ಡಡ್ಡ ಇಟ್ಟು ಸಮ ನಿಲ್ಲುವ ಜಾಗ ಹುಡುಕಿ. ಹಿಡಿಯ ತುದಿಯಿಂದ ಅಲ್ಲಿಗೆ ಟೇಪ್ ಹಿಡಿದು ಅಳೆಯಿರಿ. 295 ಮಿಲಿಮೀಟರ್‌ಗಿಂತ ಮೇಲಿದ್ದರೆ ತಲೆ ಭಾರದ ಬ್ಯಾಟ್, 285ರ ಆಸುಪಾಸು ಇದ್ದರೆ ಸಮ ಅಥವಾ ತಲೆ ಹಗುರ ಅಂತ ಲೆಕ್ಕ. ತಲೆ ಭಾರ ಇದ್ದರೆ ಸ್ಮ್ಯಾಶಿಗೆ ಏಟು ಸಿಗುತ್ತೆ, ನಿಜ. ಆದರೆ ಡಬಲ್ಸಿನಲ್ಲಿ ಎದುರಿನವನು ಮೈಮೇಲೆ ಹೊಡೆದಾಗ ಬ್ಯಾಟ್ ಎದ್ದು ಬರೋಷ್ಟರಲ್ಲಿ ಕಾಕ್ ಹೊಟ್ಟೆಗೆ ಬಡಿದಿರುತ್ತೆ. ನಮ್ಮ ವಯಸ್ಸಿನ ಡಬಲ್ಸ್ ಲೆಕ್ಕ ಹಾಕಿ ನೋಡಿ. ಸ್ಮ್ಯಾಶಿನಲ್ಲಿ ಗೆದ್ದ ಪಾಯಿಂಟ್ ಎಷ್ಟು, ಬ್ಯಾಟ್ ತಡವಾಗಿ ಬಂದು ಕಳೆದುಕೊಂಡದ್ದೆಷ್ಟು?

ಇನ್ನು ಕಡ್ಡಿ, ಅಂದರೆ ಶಾಫ್ಟ್. ಬಗ್ಗದ ಕಡ್ಡಿ ತೋಳು ಮತ್ತು ಮಣಿಕಟ್ಟು ವೇಗವಾಗಿ ತಿರುಗುವವರಿಗೆ. ನಿಧಾನ ಬೀಸುವವರಿಗೆ ಬಗ್ಗುವ ಕಡ್ಡಿಯೇ ಕಾಕನ್ನು ಎಸೆದುಕೊಡುತ್ತೆ. ಡೆನ್ಮಾರ್ಕಿನ ವಿಕ್ಟರ್ ಅಕ್ಸೆಲ್ಸನ್ ಆಸ್ಟ್ರಾಕ್ಸ್ 100 ಝಡ್‌ಝಡ್ ಹಿಡಿದು ಆಡಿದ್ದನ್ನ ನೋಡಿ ನಮ್ಮ ಜಿಲ್ಲೆಯಲ್ಲೂ ಎಷ್ಟೋ ಜನ ಅದನ್ನ ತರಿಸಿಕೊಂಡರು. ತಲೆ ಭಾರ, ಕಡ್ಡಿ ಕಬ್ಬಿಣದ ಸಲಾಕೆ ಹಾಗೆ ಬಿಗಿ. ಆ ಮನುಷ್ಯ ಆರಡಿ ನಾಲ್ಕಿಂಚು ಎತ್ತರ, 2021ರಲ್ಲಿ ಟೋಕಿಯೊದಲ್ಲೂ 2024ರಲ್ಲಿ ಪ್ಯಾರಿಸ್‌ನಲ್ಲೂ ಒಲಿಂಪಿಕ್ ಚಿನ್ನ ಗೆದ್ದವರು. ಅವರಿಗೆ ಆಟವೇ ಕೆಲಸವಾಗಿತ್ತು. ನಾವು ಏಳೂವರೆಗೆ ಅಂಗಡಿ ತೆಗೀಬೇಕಾದವರು.

ಒಂದು ಸುಲಭದ ಪರೀಕ್ಷೆ ಇದೆ. ಹಿಂದಿನ ಗೆರೆಯ ಹತ್ತಿರ ನಿಂತು, ತಲೆ ಮೇಲಿಂದ ಹತ್ತು ಕ್ಲಿಯರ್ ಹೊಡೀರಿ. ಹತ್ತರಲ್ಲಿ ಏಳು ಎದುರಿನ ಹಿಂದಿನ ಗೆರೆಯ ತನಕ ಹೋಗಲಿಲ್ಲ ಅಂದರೆ ಬಿಗಿ ಕಡ್ಡಿ ನಿಮಗಲ್ಲ. ಹೊಸ ಬ್ಯಾಟ್ ತಗೊಳ್ಳೋ ಮೊದಲು ಜೊತೆಗಾರರ ಬ್ಯಾಟ್ ಇಸ್ಕೊಂಡು ಇದನ್ನ ಮಾಡಿ. ನಮ್ಮ ಕೋರ್ಟಲ್ಲಿ ಯಾರೂ ಇಲ್ಲ ಅನ್ನೋಲ್ಲ, ಒಂದು ವಾರ ಬೇರೆ ಬೇರೆ ಬ್ಯಾಟಲ್ಲಿ ಆಡಿದರೆ ಯಾವ ಶೋರೂಮಲ್ಲೂ ಸಿಗದ ಮಾಹಿತಿ ಸಿಗುತ್ತೆ.

ಎರಡನೇ ಅಕ್ಷರ ಜಿ, ಹಿಡಿಯ ದಪ್ಪ. ಯೋನೆಕ್ಸ್ ಲೆಕ್ಕದಲ್ಲಿ ಜಿ4 ದಪ್ಪ, ಜಿ5 ಅದಕ್ಕಿಂತ ಸಣ್ಣ, ಜಿ6 ಇನ್ನೂ ಸಣ್ಣ. ಹಿಡಿ ತೀರಾ ಸಣ್ಣದಾದರೆ ಬ್ಯಾಟ್ ಕೈಯಲ್ಲಿ ತಿರುಗದ ಹಾಗೆ ಗಟ್ಟಿಯಾಗಿ ಹಿಸುಕಿ ಹಿಡೀತೀರಿ. ಆ ಹಿಸುಕಾಟ ನೇರ ಮೊಣಕೈಗೆ ಹೋಗುತ್ತೆ. ಹಿಡಿದಾಗ ಬೆರಳ ತುದಿಗೂ ಅಂಗೈ ಉಬ್ಬಿಗೂ ಮಧ್ಯೆ ಒಂದು ಬೆರಳು ತೂರುವಷ್ಟು ಜಾಗ ಇರಲಿ. ಹಿಡಿ ಸಣ್ಣ ಅನ್ನಿಸಿದರೆ ಇನ್ನೊಂದು ಸುತ್ತು ಗ್ರಿಪ್ ಸುತ್ತಿ. ಇದರಿಂದ ಇನ್ನೊಂದು ಲಾಭ. ಹಿಡಿ ಕಡೆ ತೂಕ ಹೆಚ್ಚಿ, ತಲೆ ಭಾರದ ಬ್ಯಾಟ್ ಸ್ವಲ್ಪ ಸಮಕ್ಕೆ ಬರುತ್ತೆ. ಹೊಸ ಬ್ಯಾಟ್ ಬೇಕು ಅಂತ ಹೊರಟ ಎಷ್ಟೋ ಜನಕ್ಕೆ ಬೇಕಾಗಿರೋದು ಒಂದು ಗ್ರಿಪ್ಪು ಅಷ್ಟೇ.

ಗಟ್ಟಿಂಗ್: ಇಲ್ಲೇ ಎಲ್ಲರೂ ಸುಳ್ಳು ಹೇಳೋದು

"ಎಷ್ಟು ಪೌಂಡ್ ಹಾಕಿಸಿದ್ದೀರಿ?" ಅಂತ ಕೋರ್ಟಲ್ಲಿ ಕೇಳಿ ನೋಡಿ. ಇಪ್ಪತ್ತಾರಕ್ಕಿಂತ ಕೆಳಗೆ ಹೇಳೋಕೆ ಯಾರಿಗೂ ಮನಸ್ಸಿಲ್ಲ. ಬುಲೆಟ್ ಬೈಕಿನ ಸಿಸಿ ಹೇಳ್ಕೊಂಡ ಹಾಗೆ ಇದೂ ಒಂದು ಮರ್ಯಾದೆಯ ಪ್ರಶ್ನೆ ಆಗಿಬಿಟ್ಟಿದೆ.

ವಿಷಯ ಹೀಗಿದೆ. ಗಟ್ ಬಿಗಿ ಹೆಚ್ಚಾದಷ್ಟೂ ಕಾಕ್ ಎಲ್ಲಿಗೆ ಹೋಗಬೇಕು ಅನ್ನೋ ಹಿಡಿತ ಹೆಚ್ಚು, ಆದರೆ ಗಟ್ ತಾನಾಗಿ ಕಾಕನ್ನು ಚಿಮ್ಮಿಸೋದು ಕಡಿಮೆ. ಆ ಬಲ ನಿಮ್ಮ ತೋಳೇ ಕೊಡಬೇಕು. ಜೊತೆಗೆ ಬ್ಯಾಟಿನ ನಟ್ಟನಡುವೆ ಕಾಕ್ ತಾಗಿದರಷ್ಟೇ ಹೊಡೆತ ಕೂರುತ್ತೆ. ಆ ಜಾಗ ಬಿಗಿ ಹೆಚ್ಚಿದಷ್ಟೂ ಚಿಕ್ಕದಾಗ್ತಾ ಹೋಗುತ್ತೆ. ಅಂಚಿಗೆ ತಾಗಿದರೆ ಕೈಗೆ ಝುಮ್ ಅನ್ನುತ್ತೆ, ಗಟ್ಟೂ ತುಂಡಾಗುತ್ತೆ. 22ರಿಂದ 24 ಪೌಂಡ್ ಒಳಗೆ ಇಟ್ಟುಕೊಂಡರೆ ನಮ್ಮಂಥವರಿಗೆ ಕ್ಲಿಯರ್ ಹೋಗುತ್ತೆ, ಕೈಯೂ ಉಳಿಯುತ್ತೆ. ಅಂದ ಹಾಗೆ 24 ಪೌಂಡ್ ಅಂದರೆ ಒಂದೊಂದು ಎಳೆಗೂ ಹತ್ತಿರ ಹತ್ತಿರ ಹನ್ನೊಂದು ಕೆಜಿ ಎಳೆತ. ಅದೇನು ಕಡಿಮೆಯಲ್ಲ.

ನನ್ನ ಕೈ ಸರಿಹೋದ ಮೇಲೆ ಮತ್ತೆ ಗಟ್ಟಿಂಗಿಗೆ ಹೋದೆ. ಮಷಿನ್ ಮುಂದೆ ಕೂತಿದ್ದ ಹುಡುಗ ಬ್ಯಾಟ್ ತಿರುಗಿಸಿ ನೋಡಿದ. ಗಟ್ ತುಂಡಾಗಿದ್ದು ಮೇಲಿನ ಅಂಚಿನ ಹತ್ತಿರ.

"ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ನಿಮ್ಗೆ ನಡುವಲ್ಲಿ ತಾಗ್ತಿಲ್ಲ. 23 ಹಾಕ್ತೀನಿ, ಒಂದು ತಿಂಗಳು ಆಡಿ ನೋಡಿ."

"ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ ಮಾರಾಯ?"

"26 ಅನ್ನಿ. ಎಲ್ರೂ ಹಾಗೇ ಅನ್ನೋದು."

ಗಟ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತೆ. ಎಲ್ಲ ಕಡೆ ಸಿಗುವ ಬಿಜಿ65 ಅನ್ನೋದು 0.70 ಮಿಲಿಮೀಟರ್, ದಪ್ಪ, ಬಾಳಿಕೆ ಬರುತ್ತೆ. 0.65ರ ಸಣ್ಣ ಗಟ್ಟುಗಳು ಹೊಡೆದಾಗ ಟಣ್ ಅಂತ ಸದ್ದು ಕೊಡ್ತವೆ, ಚಿಮ್ಮುತ್ತವೆ, ಬೇಗ ತುಂಡಾಗ್ತವೆ. ಗಟ್ಟಿಂಗಿಗೆ ಬೇರೆ ಊರಿಗೆ ಬಸ್ಸಲ್ಲಿ ಬ್ಯಾಟ್ ಕಳಿಸೋ ತಾಲೂಕಿನವರು ದಪ್ಪ ಗಟ್ಟೇ ಹಾಕಿಸೋದು ಒಳ್ಳೇದು. ಕೊಳ್ಳುವಾಗ ಕಂಪನಿಯಿಂದಲೇ ಹಾಕಿ ಬಂದಿರುವ ಗಟ್ಟನ್ನು ನಂಬಿ ಬ್ಯಾಟ್ ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡಬೇಡಿ. ಅದು ಹೆಚ್ಚಾಗಿ ಸಡಿಲ, ಸಾಧಾರಣ ಗುಣಮಟ್ಟದ್ದು. ಅದನ್ನ ತೆಗೆಸಿ ಹೊಸದು ಹಾಕಿಸಿದರೆ ಮೂರು ಸಾವಿರದ ಬ್ಯಾಟು ಬೇರೆಯದೇ ಬ್ಯಾಟ್ ಆಗುತ್ತೆ.

ಇನ್ನೊಂದು ಮಾತು. ಗಟ್ ತುಂಡಾಗದಿದ್ದರೂ ಸಡಿಲ ಆಗುತ್ತೆ, ಸುಮ್ಮನೆ ಗೋಡೆಗೆ ನೇತುಹಾಕಿದ್ದರೂ ಆಗುತ್ತೆ. ವಾರಕ್ಕೆ ಎಷ್ಟು ದಿನ ಆಡ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್ ಅಂತ ಆಟಗಾರರಲ್ಲಿ ಒಂದು ಹಳೇ ಲೆಕ್ಕ ಇದೆ. ಅಷ್ಟು ಆಗದಿದ್ದರೂ ವರ್ಷಕ್ಕೆರಡು ಸಲ ಮಾಡಿಸಿ. ಗಟ್ ತುಂಡಾದ ದಿನ ಮಾತ್ರ ಆಲಸ್ಯ ಬೇಡ. ಒಂದು ಎಳೆ ಹೋದರೆ ಉಳಿದವು ಫ್ರೇಮನ್ನು ಒಂದೇ ಕಡೆ ಎಳೀತವೆ, ಫ್ರೇಮ್ ಸೊಟ್ಟ ಆಗಬಹುದು, ಬಿರುಕೂ ಬಿಡಬಹುದು. ಮನೆಗೆ ಹೋಗೋವರೆಗೆ ಕಾಯಬೇಡಿ, ಅಲ್ಲೇ ಕತ್ತರಿ ಹುಡುಕಿ ನಡುವಿನಿಂದ ಶುರುಮಾಡಿ ಎಲ್ಲಾ ಕತ್ತರಿಸಿ ಬಿಡಿ. ಫ್ರೇಮಿನ ತೂತುಗಳಲ್ಲಿರುವ ಪ್ಲಾಸ್ಟಿಕ್ ಗ್ರೋಮೆಟ್ ಸವೆದಿದ್ದರೆ ಹೊಸ ಗಟ್ಟೂ ನಿಲ್ಲೋದಿಲ್ಲ. ಅವನ್ನು ಬದಲಾಯಿಸೋಕೆ ದೊಡ್ಡ ಖರ್ಚಿಲ್ಲ, ಕೇಳಿ ಹಾಕಿಸಿ. ಕಾರಿನೊಳಗೆ ಬಿಸಿಲಲ್ಲಿ ಬ್ಯಾಟ್ ಬಿಟ್ಟು ತೋಟಕ್ಕೆ ಹೋಗೋ ಅಭ್ಯಾಸ ಇದ್ದವರಿಗೂ ಇದೇ ಮಾತು, ಶಾಖಕ್ಕೆ ಗಟ್ ಬೇಗ ಸಡಿಲ ಬೀಳುತ್ತೆ.

ದುಡ್ಡು ಮೊದಲು ಕಾಲಿಗೆ

ಬ್ಯಾಟಿಗೆ ಹತ್ತು ಸಾವಿರ ಹಾಕಿದವರ ಕಾಲಲ್ಲಿ ವಾಕಿಂಗ್ ಶೂ ನೋಡಿದಾಗ ನನಗೆ ಸಿಟ್ಟೇ ಬರುತ್ತೆ. ಓಡುವ ಶೂ ಮುಂದಕ್ಕೆ ಹೋಗೋಕೆ ಮಾಡಿದ್ದು. ಹಿಮ್ಮಡಿ ಎತ್ತರ, ಮೆತ್ತೆ ಜಾಸ್ತಿ. ಶಟಲ್ಲಿನಲ್ಲಿ ಪಕ್ಕಕ್ಕೆ ಜಿಗೀಬೇಕು, ಹಿಂದಕ್ಕೆ ಬಂದು ಥಟ್ಟನೆ ನಿಲ್ಲಬೇಕು. ಎತ್ತರದ ಮೆತ್ತೆ ಮೇಲೆ ಪಕ್ಕಕ್ಕೆ ಭಾರ ಬಿದ್ದರೆ ಪಾದ ಮಗುಚುತ್ತೆ. ಗಮ್ ರಬ್ಬರ್ ಅಡಿಯ, ಗೆರೆ ಬೀಳದ, ನೆಲಕ್ಕೆ ಹತ್ತಿರ ಇರುವ ಕೋರ್ಟ್ ಶೂ ಬೇರೆಯೇ ಇವೆ, ಅದನ್ನ ತಗೊಳ್ಳಿ. ಕೋರ್ಟಿಗೆ ಬಂದ ಮೇಲೆ ಹಾಕ್ಕೊಳ್ಳಿ. ರಸ್ತೆಯಲ್ಲಿ ಹಾಕ್ಕೊಂಡು ಬಂದರೆ ಧೂಳು ಅಂಟಿ ಅಡಿ ಜಾರುತ್ತೆ. ಮಳೆಗಾಲದಲ್ಲಿ ಮಲೆನಾಡು ಭಾಗದ ಶೆಡ್ಡುಗಳಲ್ಲಿ ಮ್ಯಾಟ್ ಮೇಲೇ ತೇವ ಕೂತಿರುತ್ತೆ. ಆಗ ಒಂದು ಒದ್ದೆ ಬಟ್ಟೆ ಪಕ್ಕದಲ್ಲಿಟ್ಟು ಅಡಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ ಇಳಿಯೋದು ಒಳ್ಳೆಯದು. ಸಿಮೆಂಟ್ ನೆಲದಲ್ಲಿ ಆಡುವವರಿಗೆ ಗಮ್ ಅಡಿ ಬೇಗ ಸವೆಯುತ್ತೆ, ಆದರೆ ಮಂಡಿಗಿಂತ ಶೂ ಅಗ್ಗ.

ಕನ್ನಡಕದ ವಿಷಯ ಯಾರೂ ಮಾತಾಡೋದಿಲ್ಲ. ನಲವತ್ತೈದಕ್ಕೆ ಓದೋಕೆ, ದೂರ ನೋಡೋಕೆ ಎರಡೂ ಇರುವ ಪ್ರೊಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕ ಬಂದಿರುತ್ತೆ. ಅದರ ಕೆಳಭಾಗ ಓದುವ ಪವರ್. ನೆಟ್ ಹತ್ತಿರ ಕೆಳಗೆ ಬಂದ ಕಾಕ್ ಆ ಭಾಗದಲ್ಲಿ ಮಸುಕಾಗುತ್ತೆ, ಪಕ್ಕಕ್ಕೆ ನೋಡಿದರೆ ಬಾಗಿದ ಹಾಗೆ ಕಾಣುತ್ತೆ. "ಯಾಕೋ ಇತ್ತೀಚೆಗೆ ಟೈಮಿಂಗ್ ತಪ್ತಿದೆ" ಅಂತ ಬ್ಯಾಟ್ ಬದಲಾಯಿಸಿದ ಇಬ್ಬರು ನಮ್ಮ ಬ್ಯಾಚಲ್ಲೇ ಇದ್ದರು. ದೂರದ ಪವರ್ ಮಾತ್ರ ಇರುವ, ಒಡೆಯದ ಪಾಲಿಕಾರ್ಬೊನೇಟ್ ಗ್ಲಾಸಿನ ಒಂದು ಜೋಡಿ ಆಟಕ್ಕೆ ಅಂತಲೇ ಮಾಡಿಸಿ, ಹಿಂದೆ ದಾರ ಕಟ್ಟಿಕೊಳ್ಳಿ. ಡಬಲ್ಸಿನಲ್ಲಿ ನೆಟ್ ಹತ್ತಿರ ನಿಲ್ಲುವವರ ಕಣ್ಣಿಗೆ ಕಾಕ್ ಬಡಿದರೆ ಕಣ್ಣೇ ಹೋಗಬಹುದು. ಕಾಕಿನ ತುದಿಯ ಬೆಂಡು ಅಗಲದಲ್ಲಿ 25ರಿಂದ 28 ಮಿಲಿಮೀಟರ್, ಕಣ್ಣಿನ ಗುಳಿಯೊಳಗೆ ಸರಿಯಾಗಿ ಕೂರುವ ಗಾತ್ರ.

ಘಾಟಿ ಹತ್ತಿದರೆ ಕಾಕ್ ಓಡುತ್ತೆ

ಕೆಳಗಿನವರ ಜೊತೆ ಪಂದ್ಯ ಆಡಿದವರಿಗೆ ಇದು ಗೊತ್ತಿರುತ್ತೆ. ಮಂಗಳೂರಲ್ಲಿ ಒಳಗೆ ಬೀಳ್ತಿದ್ದ ಕ್ಲಿಯರ್, ಚಾರ್ಮಾಡಿ ಹತ್ತಿ ಇಲ್ಲಿಗೆ ಬಂದು ಹೊಡೆದರೆ ಔಟ್. ನಮ್ಮ ಕೈ ಜೋರಾಯ್ತು ಅಂತಲ್ಲ. ಚಿಕ್ಕಮಗಳೂರು ನಗರ ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್‌ಗೂ ಎತ್ತರ ಇದೆ. ಇಷ್ಟು ಎತ್ತರದಲ್ಲಿ ಗಾಳಿ ಸುಮಾರು ಶೇಕಡಾ ಹತ್ತರಷ್ಟು ತೆಳು. ಕಾಕನ್ನು ತಡೆಯೋದು ಗಾಳಿಯೇ ಆದ್ದರಿಂದ ತೆಳು ಗಾಳಿಯಲ್ಲಿ ಅದು ಮುಂದೆ ಹೋಗುತ್ತೆ. ಬಿಸಿಲು ಏರಿದರೂ ಹಾಗೇ, ಬಿಸಿ ಗಾಳಿ ಹಗುರ. ಡಿಸೆಂಬರ್ ಬೆಳಗ್ಗೆ ಆರಕ್ಕೆ ನಿಧಾನ ಅನ್ನಿಸಿದ ಕಾಕು ಏಪ್ರಿಲ್ ಸಂಜೆಗೆ ಹಾರಿಹೋಗುತ್ತೆ.

ಅದಕ್ಕೇ ಫೆದರ್ ಡಬ್ಬಿ ಮೇಲೆ 75, 76, 77, 78 ಅಂತ ನಂಬರ್ ಇರೋದು. ನಂಬರ್ ದೊಡ್ಡದಾದಷ್ಟೂ ಕಾಕ್ ವೇಗ. ಎತ್ತರದ ಊರಿನವರು, ಸೆಖೆಯಲ್ಲಿ ಆಡುವವರು ಕಡಿಮೆ ನಂಬರ್ ತಗೋಬೇಕು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ 78ರ ಹತ್ತು ಡಬ್ಬಿ ತರಿಸಿ ಆಮೇಲೆ ಎಲ್ಲವೂ ಔಟ್ ಹೋಗುತ್ತೆ ಅಂತ ತುದಿ ಮಡಚಿ ಆಡಿದವರನ್ನ ನೋಡಿದ್ದೀನಿ. ನೈಲಾನ್ ಕಾಕಿಗೆ ನಂಬರ್ ಬದಲು ಬಣ್ಣದ ಪಟ್ಟಿ ಇರುತ್ತೆ. ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ.

ಯಾವುದು ನಿಮ್ಮ ಕೋರ್ಟಿಗೆ ಸರಿ ಅಂತ ತಿಳಿಯೋಕೆ ನಿಯಮದಲ್ಲೇ ಪರೀಕ್ಷೆ ಇದೆ. ಹಿಂದಿನ ಗೆರೆ ಮೇಲೆ ನಿಂತು, ಕೈ ಕೆಳಗಿನಿಂದ ಪೂರ್ತಿ ಬೀಸಿ, ಪಕ್ಕದ ಗೆರೆಗೆ ಸಮನಾಗಿ ಮೇಲಕ್ಕೆ ಹೊಡೀಬೇಕು. ಎದುರಿನ ಹಿಂದಿನ ಗೆರೆಗೆ 530ರಿಂದ 990 ಮಿಲಿಮೀಟರ್ ಮೊದಲೇ ಬಿದ್ದರೆ ವೇಗ ಸರಿ. ಅಂದರೆ ಗೆರೆಯಿಂದ ಒಳಗೆ ಎರಡು ಅಡಿ ಚಿಲ್ಲರೆಯ ಸುತ್ತಮುತ್ತ. ಒಂದೊಂದು ನಂಬರಿನ ಒಂದು ಡಬ್ಬಿ ತರಿಸಿ ನೋಡಿ, ಆಮೇಲೆ ಗಟ್ಟಲೆ ತಗೊಳ್ಳಿ.

ಫೆದರ್ ಕಾಕಿನ ರೇಟು ಇತ್ತೀಚಿನ ವರ್ಷಗಳಲ್ಲಿ ಏರಿದ್ದು ಎಲ್ಲ ಬ್ಯಾಚಿನ ಮಾಸಿಕ ಚಂದಾ ಪುಸ್ತಕದಲ್ಲೇ ಗೊತ್ತಾಗುತ್ತೆ. ಒಂದು ಕಾಕಿಗೆ ಹದಿನಾರು ಗರಿ ಬೇಕು, ಹದಿನಾರೂ ಪಕ್ಷಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡ ಬಲ ಬೆರೆಸಿದರೆ ಗರಿಯ ಬಾಗು ಹೊಂದೋದಿಲ್ಲ, ಕಾಕ್ ಅಲ್ಲಾಡುತ್ತೆ. ಹೆಬ್ಬಾತಿನ ಗರಿ ಗಟ್ಟಿ, ಬಾತುಕೋಳಿಯದು ಅಗ್ಗ. ಗರಿ ಒಣಗಿದಷ್ಟೂ ಮುರಿಯುತ್ತೆ. ಶೃಂಗೇರಿ, ಕೊಪ್ಪ ಕಡೆಯ ಮಳೆಗಾಲದಲ್ಲಿ ಒಂದು ಕಾಕ್ ಬಾಳುವಷ್ಟು ಹೊತ್ತು ಕಡೂರಿನ ಮಾರ್ಚ್ ಬಿಸಿಲಲ್ಲಿ ಬಾಳೋದಿಲ್ಲ. ಬಯಲು ಸೀಮೆಯವರು ಹಿಂದಿನ ರಾತ್ರಿ ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಯಿರುವ ಕಡೆಯಿಂದ ಕುದಿಯುವ ನೀರಿನ ಹಬೆಯನ್ನು ಕೆಲವೇ ಸೆಕೆಂಡ್ ಹಾಯಿಸಿ, ಮುಚ್ಚಿ ಇಡಿ. ಇಡ್ಲಿ ಬೇಯಿಸಿದ ಹಾಗೆ ಬೇಯಿಸಬೇಡಿ, ಗರಿ ಮುದ್ದೆಯಾಗುತ್ತೆ, ಬೆಂಡಿಗೆ ನೀರು ಕುಡಿದರೆ ಭಾರ ಆಗುತ್ತೆ.

ಪ್ರಾಕ್ಟೀಸಿಗೆ ನೈಲಾನ್, ಭಾನುವಾರದ ಪಂದ್ಯಕ್ಕೆ ಫೆದರ್ ಅಂತ ಮಾಡ್ಕೊಂಡ ಬ್ಯಾಚುಗಳಿವೆ. ಖರ್ಚು ಉಳಿಯುತ್ತೆ. ಆದರೆ ನೈಲಾನ್ ಬ್ಯಾಟಿಗೆ ತಾಗುವಾಗ ಗಡುಸು, ಕೈ ನೋವಿದ್ದವರು ಗಮನದಲ್ಲಿಡಿ.

ಮೋಸ ಹೋಗೋದು ಎಲ್ಲಿ

ಹದಿನೈದು ಸಾವಿರದ ಬ್ಯಾಟ್ ನಾಲ್ಕು ಸಾವಿರಕ್ಕೆ ಕೊಡ್ತೀವಿ ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಬಣ್ಣ, ಹೆಸರು, ಬ್ಯಾಗು ಎಲ್ಲ ಥೇಟ್ ಅದೇ. ನಮ್ಮಲ್ಲೊಬ್ಬರು ಅಂಥದ್ದನ್ನ ತಗೊಂಡು, ಮೂರನೇ ವಾರ ಗಟ್ಟಿಂಗ್ ಮಷಿನ್ ಮೇಲೆ 22 ಪೌಂಡಿಗೇ ಫ್ರೇಮ್ ಮುರೀತು. ಕಳಿಸಿದವರ ನಂಬರ್ ಆಗಲೇ ಬಂದ್ ಆಗಿತ್ತು.

ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾ, ತಕ್ಕಡಿ ಇದೆಯಲ್ಲ. ಚಿನ್ನ ಬೆಳ್ಳಿ ಅಂಗಡಿಯ ತಕ್ಕಡಿಯಾದರೆ ಇನ್ನೂ ಒಳ್ಳೇದು. ಗಟ್ ಹಾಕದ ಬ್ಯಾಟನ್ನು ಇಟ್ಟು ನೋಡಿ. 4ಯು ಅಂತ ಬರೆದಿದ್ದು 92 ಗ್ರಾಂ ತೂಗಿದರೆ ಅಲ್ಲೇ ವಾಪಸ್ ಕೊಡಿ. ಕೋನ್ ಮೇಲಿನ ಅಕ್ಷರ ವಕ್ರವಾಗಿದ್ದರೆ, ಉಗುರಲ್ಲಿ ಕೆರೆದರೆ ಎದ್ದು ಬಂದರೆ, ಹಿಡಿ ಅಲ್ಲಾಡಿಸಿದಾಗ ಒಳಗೆ ಏನೋ ಗಲಗಲ ಅಂದರೆ ಬೇಡವೇ ಬೇಡ. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೊಡೋಕೆ ಹಿಂದೆ ಮುಂದೆ ನೋಡುವವರು ಬ್ಯಾಟ್ ಮುರಿದಾಗ ಮುಖ ಕೊಡೋದಿಲ್ಲ. ಅಸಲಿ ಬ್ಯಾಟಿಗೂ ಜೊತೆಗಾರನ ಬ್ಯಾಟ್ ಬಡಿದು ಬಿರುಕು ಬಿಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗೋದಿಲ್ಲ. ಡಬಲ್ಸಲ್ಲಿ ಅದು ಯಾವತ್ತಾದರೂ ಆಗೇ ಆಗುತ್ತೆ. ಒಂದು ದುಬಾರಿ ಬ್ಯಾಟ್ ಬದಲು ಒಂದೇ ಮಾದರಿಯ ಎರಡು ಮಧ್ಯಮ ಬೆಲೆಯ ಬ್ಯಾಟ್ ಇಟ್ಟುಕೊಳ್ಳಿ ಅನ್ನೋದಕ್ಕೆ ಇದೂ ಒಂದು ಕಾರಣ. ಪಂದ್ಯದ ನಡುವೆ ಗಟ್ ತುಂಡಾದರೆ ಕೈಗೆ ಅದೇ ತೂಕ, ಅದೇ ಹಿಡಿ ಸಿಗುತ್ತೆ.

ಕ್ರೀಡಾ ಸಾಮಾನು ಇಡುವ ನಮ್ಮ ತಾಲೂಕಿನ ಅಂಗಡಿಯವರಿಗೂ ಒಂದು ಮಾತು. ಗಿರಾಕಿ ಆನ್‌ಲೈನಿಗೆ ಹೋದ ಅಂತ ಕೊರಗೋ ಬದಲು ಒಂದು ಗಟ್ಟಿಂಗ್ ಮಷಿನ್ ಇಡಿ, ಕೈಯಲ್ಲಿ ತಿರುಗಿಸೋದಾದರೂ ಸರಿ. ಗಟ್ಟಿಂಗ್ ಆನ್‌ಲೈನಲ್ಲಿ ಆಗೋದಿಲ್ಲ, ಗಿರಾಕಿ ವರ್ಷಕ್ಕೆ ನಾಲ್ಕು ಸಲ ಬಂದೇ ಬರ್ತಾನೆ, ಗ್ರಿಪ್ಪು ಕಾಕು ಅಲ್ಲೇ ತಗೋತಾನೆ. ಪ್ರತಿ ಮಾದರಿಯ ಒಂದೊಂದು ಬ್ಯಾಟಿಗೆ 23 ಪೌಂಡ್ ಹಾಕಿ ಕೋರ್ಟಲ್ಲಿ ಆಡಿ ನೋಡೋಕೆ ಕೊಡಿ. ದಿನ ಬೆಳಗ್ಗೆ ಆಡುವ ಐವತ್ತು ಜನ ಗೊತ್ತಿರೋ ಅಂಗಡಿಗೆ ಇದಕ್ಕಿಂತ ಪ್ರಚಾರ ಬೇಕಾ?

ಸಲಕರಣೆ ಇಲ್ಲದೇ ಆಟವೇ ಇಲ್ಲ ಅನ್ನುವವರಿಗೆ ಇನ್ನೊಂದು ಸಂಗತಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ ಆಡಿ ಕಲಿತವರು. ಅದು ಮದುವೆ ಹಾಲು. ಮುಹೂರ್ತ ಇದ್ದ ದಿನ ಆಟ ಇಲ್ಲ. ಕಲ್ಯಾಣ ಮಂಟಪದಲ್ಲಿ ಗೆರೆ ಎಳೆದು ಆಡುವ ನಮ್ಮ ಹೋಬಳಿ ಹುಡುಗರಿಗೆ ಇದನ್ನ ಹೇಳಿದರೆ ನಂಬೋದಿಲ್ಲ.

ಈಗ ಯಾರಾದರೂ ಇಪ್ಪತ್ತು ವರ್ಷದ ಆಟಗಾರ ಐದಾರು ಸಾವಿರ ಇದೆ, ಏನು ತಗೊಳ್ಳಲಿ ಅಂತ ಕೇಳಿದರೆ ನಾನು ಹೇಳೋದು ಹೀಗೆ. ಮೊದಲು ಕೋರ್ಟ್ ಶೂ. ಇರುವ ಬ್ಯಾಟಿಗೆ 23 ಪೌಂಡ್ ಹೊಸ ಗಟ್, ಹೊಸ ಗ್ರಿಪ್. ಕನ್ನಡಕ ಇದ್ದರೆ ಆಟದ್ದೊಂದು. ಒಂದು ತಿಂಗಳು ಆಡಿ. ಆಮೇಲೂ ಹೊಸದು ಬೇಕು ಅನ್ನಿಸಿದರೆ 4ಯು, ಸಮತೂಕ, ಮಧ್ಯಮ ಬಗ್ಗುವ ಕಡ್ಡಿಯದ್ದು ಮೂರು ಸಾವಿರದ ಆಸುಪಾಸಿನಲ್ಲಿ ಹುಡುಕಿ. ಮೊಣಕೈ ಈಗಾಗಲೇ ನೋಯ್ತಿದ್ದರೆ ಬ್ಯಾಟ್ ವಿಷಯ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ. ನೋವಿನ ಮುಲಾಮು ಹಚ್ಚಿಕೊಂಡು ಆಡಿದ್ದಕ್ಕೆ ನನಗೆ ಆರು ವಾರದ ಬದಲು ಐದು ತಿಂಗಳು ಹಿಡೀತು.

ಆ ದುಬಾರಿ ಬ್ಯಾಟ್ ಈಗ ಇಂಜಿನಿಯರಿಂಗ್ ಓದುವ ಅಕ್ಕನ ಮಗನ ಹತ್ರ ಇದೆ. ಹೋದ ವಾರ ಫೋನ್ ಮಾಡಿದ್ದ. "ಮಾವ, ಇದಕ್ಕೆ 28 ಹಾಕಿಸ್ಲಾ?" ಅಂತ ಕೇಳಿದ. ಫ್ರೇಮ್ ಮೇಲೆ ಎಷ್ಟು ತನಕ ಹಾಕಬಹುದು ಅಂತ ಬರೆದಿದ್ದಾರೆ, ಓದಿ ನೋಡೋ ಅಂದೆ.